ಗಾಜಿನೊಳಗಿನ ಬಸಿಗಾಲುವೆ

ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಸುತ್ತಮುತ್ತ ಮೀನಿನ ಅಂಗಡಿ ಎಂದರೆ ಎರಡು ಬಗೆ. ಒಂದರಲ್ಲಿ ಮೀನು ಐಸಿನ ಮೇಲೆ ಮಲಗಿರುತ್ತದೆ, ಇನ್ನೊಂದರಲ್ಲಿ ಗಾಜಿನೊಳಗೆ ಓಡಾಡುತ್ತಿರುತ್ತದೆ. ಕೆಲವು ವರ್ಷಗಳ ಹಿಂದೆ ಒಂದು ಶನಿವಾರ ಸಂಜೆ ಎರಡನೆಯ ಬಗೆಯ ಅಂಗಡಿಯೊಂದರಲ್ಲಿ ನಿಂತಿದ್ದೆ. ಕೊಳ್ಳುವ ಉದ್ದೇಶವೇನೂ ಇರಲಿಲ್ಲ. ಮಳೆ ಬಂತು, ಒಳಗೆ ಹೊಕ್ಕೆ, ಮಳೆ ಬಿಡುವವರೆಗೆ ತೊಟ್ಟಿಗಳನ್ನು ನೋಡುತ್ತ ನಿಂತೆ. ಕೆಳಸಾಲಿನ ಮೂಲೆಯ ತೊಟ್ಟಿಯಲ್ಲಿ, ನೀರಿನ ಮೇಲೆ ಬಿದ್ದ ಬಿದಿರೆಲೆಯ ಹಾಗೆ ಅಲುಗಾಡದೆ ನಿಂತಿದ್ದವು ನಾಲ್ಕೈದು ಅರಿಸಿನ ಬಣ್ಣದ ಮೀನು.

"ಗೋಲ್ಡನ್ ವಂಡರ್. ಕಿಲ್ಲಿ ಜಾತಿ. ಜೋಡಿಗೆ ನೂರೈವತ್ತು" ಎಂದ ಅಂಗಡಿಯ ಹುಡುಗ.

ಬಗ್ಗಿ ನೋಡಿದೆ. ಚಪ್ಪಟೆ ನೆತ್ತಿ, ಮೇಲ್ಮುಖವಾಗಿ ತೆರೆದ ಬಾಯಿ, ಬೆನ್ನಿನ ರೆಕ್ಕೆ ಹಿಂದೆ ಹಿಂದೆ ಸರಿದು ಬಾಲದ ಹತ್ತಿರ ಕೂತಿದೆ. ಬಣ್ಣವೊಂದನ್ನು ಬಿಟ್ಟರೆ ಈ ಮೀನು ನನಗೆ ಗೊತ್ತು ಅನ್ನಿಸಿತು. ಎಲ್ಲಿ ನೋಡಿದ್ದು ಎಂದು ಹೊಳೆಯಲಿಲ್ಲ. ಮಳೆ ನಿಂತು, ಬಸ್ಸು ಹತ್ತಿ, ಕಿಟಕಿಯ ಪಕ್ಕ ಕೂತ ಮೇಲೆ ಥಟ್ಟನೆ ಹೊಳೆಯಿತು. ಕೊಪ್ಪದ ಹತ್ತಿರದ ನಮ್ಮ ಅಡಿಕೆ ತೋಟದ ಬಸಿಗಾಲುವೆ!

ಅಡಿಕೆ ತೋಟ ನೋಡಿದವರಿಗೆ ಬಸಿಗಾಲುವೆ ಗೊತ್ತಿರುತ್ತದೆ. ಮಳೆಗಾಲದ ನೀರು ಮರದ ಬುಡದಲ್ಲಿ ನಿಲ್ಲಬಾರದೆಂದು ಸಾಲುಗಳ ನಡುವೆ ತೋಡಿದ ಕಾಲುವೆ ಅದು. ಬೇಸಿಗೆ ಬಲಿಯುವವರೆಗೂ ಅದರಲ್ಲಿ ಪಾದ ಮುಳುಗುವಷ್ಟು ತಿಳಿನೀರು ಹರಿಯುತ್ತದೆ. ಉದುರಿದ ಹಾಳೆಯೊಂದು ಅದರಲ್ಲಿ ಬಿದ್ದಿದ್ದರೆ ಅದರ ಅಂಚಿನಲ್ಲಿ ಈ ಮೀನು ನಿಂತಿರುತ್ತಿತ್ತು. ಹಸಿರು ಮಿಶ್ರಿತ ಕಂದು ಮೈ, ಅದರ ಮೇಲೆ ಸಾಲುಸಾಲಾಗಿ ಚಿನ್ನದ ಚುಕ್ಕಿ, ಹಿಂಭಾಗಕ್ಕೆ ಕಪ್ಪು ಅಡ್ಡಪಟ್ಟೆ. ಎಂಟು ವರ್ಷದ ನಾನು ಎರಡೂ ಕೈ ಬೊಗಸೆ ಮಾಡಿ ಹಿಡಿಯಲು ಹೋದರೆ ಒಂದೇ ನೆಗೆತಕ್ಕೆ ಕಾಲುವೆಯ ಆಚೆ ಬದಿಗೆ ಹಾರಿರುತ್ತಿತ್ತು.

ನಮ್ಮ ಮನೆಯಲ್ಲಿ ಅದಕ್ಕೊಂದು ಹೆಸರೇ ಇರಲಿಲ್ಲ. ಮೊದಲ ಮಳೆಗೆ ಹತ್ತುಮೀನು ಹಿಡಿಯಲು ಹೋಗುತ್ತಿದ್ದ ಊರವರ ಬಾಯಲ್ಲಿ ಗೆಂಡೆ, ಮುರುಗೋಡು, ಹಾವುಮೀನು ಎಂದು ಹೆಸರುಗಳು ಬರುತ್ತಿದ್ದವು. ಸಾರಿಗೆ ಬಾರದ್ದೆಲ್ಲ ಬರೀ "ಮರಿಮೀನು". ಶೃಂಗೇರಿಗೆ ಹೋದಾಗ ತುಂಗೆಯ ಮೆಟ್ಟಿಲಿನ ಮೇಲೆ ಕೂತು ಮಂಡಕ್ಕಿ ಎರಚುತ್ತಿದ್ದೆವು. ತೊಡೆಗಾತ್ರದ ಮೀನುಗಳು ಮೈಮೇಲೆ ಮೈಬಿದ್ದು ಬಾಯ್ದೆರೆಯುತ್ತಿದ್ದವು. ಅವುಗಳ ಬಾಲದ ಸಂದಿಯಲ್ಲಿ ನುಸುಳಿ ಚೂರು ಮಂಡಕ್ಕಿ ಕದಿಯುತ್ತಿದ್ದ ಬೆರಳುದ್ದದವನ್ನು ಯಾರೂ ನೋಡುತ್ತಿರಲಿಲ್ಲ, ನಾನೂ ಸೇರಿ.

ಆ ರಾತ್ರಿ ಕೂತು ಹುಡುಕಿದೆ. ಹೌದು, ಅದೇ ಮೀನು. ಶಾಸ್ತ್ರದ ಹೆಸರು ಅಪ್ಲೋಕೈಲಸ್ ಲಿನಿಯೇಟಸ್. ಪ್ಯಾರಿಸ್ಸಿನ ವಾಲೆನ್ಸಿಯೆನ್ ಎಂಬ ವಿದ್ವಾಂಸ 1846ರಲ್ಲಿ ಇಟ್ಟ ಹೆಸರು. ಹಳದಿ ಬಣ್ಣದ ಮರಿಗಳನ್ನೇ ಆರಿಸಿ ಆರಿಸಿ ತಲೆಮಾರುಗಟ್ಟಲೆ ಸಾಕಿ ತೆಗೆದ ತಳಿಯೇ ಗೋಲ್ಡನ್ ವಂಡರ್. ಅದು ಈಗ ಲೋಕದ ಅಕ್ವೇರಿಯಂ ಅಂಗಡಿಗಳಲ್ಲೆಲ್ಲ ಸಿಗುತ್ತದೆ. ನಮ್ಮ ಹಳ್ಳಕೊಳ್ಳಗಳ ಮೀನು ದೇಶಾಂತರ ಹೋಗಿ, ಬಣ್ಣ ಬದಲಿಸಿ, ಹೊಸ ಹೆಸರಿಟ್ಟುಕೊಂಡು ಶಿವಾಜಿನಗರಕ್ಕೆ ಬಂದು ನಿಂತಿತ್ತು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಿತ್ತಲ ಮೀನಿಗೂ ಅದೇ ಗತಿ. ನನಗೆ ಬೇಕಾಗಿದ್ದು ಅರಿಸಿನ ಬಣ್ಣದ್ದಲ್ಲ, ಚುಕ್ಕಿಯದು ಎಂದು ಅವತ್ತೇ ನಿಶ್ಚಯವಾಯಿತು.

ಆದರೆ ಅದಕ್ಕೆ ಮೊದಲು ಒಂದು ಹಳೆಯ ನೋವಿನ ಕಥೆ ಹೇಳಬೇಕು. ಮದುವೆಯಾದ ಹೊಸತರಲ್ಲಿ ಎರಡಡಿ ಉದ್ದದ ಒಂದು ಟ್ಯಾಂಕು ತಂದಿದ್ದೆ. ಒಂದೇ ದಿನ ಟ್ಯಾಂಕು, ಬಣ್ಣದ ಕಲ್ಲು, ಪ್ಲಾಸ್ಟಿಕ್ ಗಿಡ, ಹನ್ನೆರಡು ಮೀನು ಎಲ್ಲ ಬಂತು. ಮಾರಿದವರು ಮಾರಿದರು, ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಮೂರನೆಯ ದಿನ ಮೀನು ಮೇಲೆ ಬಂದು ಬಾಯಿಬಾಯಿ ಬಿಡತೊಡಗಿದವು. ನೀರು ಕನ್ನಡಿಯ ಹಾಗೆ ತಿಳಿಯಾಗಿಯೇ ಇತ್ತು. ಹತ್ತು ದಿನದಲ್ಲಿ ಹನ್ನೆರಡೂ ಹೋದವು. ಒಂದೊಂದನ್ನೂ ದಾಸವಾಳದ ಬುಡದಲ್ಲಿ ಹೂಳಿದೆ. ಆಮೇಲೆ ಎಷ್ಟೋ ವರ್ಷ ಆ ಟ್ಯಾಂಕಿನಲ್ಲಿ ಹಳೆಯ ಪತ್ರಿಕೆ ತುಂಬಿಟ್ಟಿದ್ದೆವು.

ಆಗಿದ್ದು ಏನೆಂದು ಈಗ ಗೊತ್ತು. ಮೀನಿನ ಕಿವಿರಿನಿಂದ, ಅದರ ಕಸದಿಂದ, ತಿನ್ನದೆ ಉಳಿದ ಆಹಾರದಿಂದ ನೀರಿಗೆ ಅಮೋನಿಯಾ ಸೇರುತ್ತದೆ. ಕಣ್ಣಿಗೆ ಕಾಣದ ವಿಷ ಅದು. ಹಳ್ಳದಲ್ಲಾದರೆ ಅದನ್ನು ತಿಂದು ನೈಟ್ರೈಟ್ ಮಾಡುವ ಬ್ಯಾಕ್ಟೀರಿಯಾ ಇರುತ್ತವೆ. ನೈಟ್ರೈಟೂ ವಿಷವೇ. ಅದನ್ನು ತಿಂದು ನೈಟ್ರೇಟ್ ಮಾಡುವ ಇನ್ನೊಂದು ಬಗೆಯವು ಇರುತ್ತವೆ. ನೈಟ್ರೇಟ್ ಅಷ್ಟು ಕೆಡುಕಿನದಲ್ಲ, ಗಿಡಗಳಿಗೆ ಗೊಬ್ಬರ. ಈ ಬ್ಯಾಕ್ಟೀರಿಯಾ ಕಲ್ಲು, ಮರಳು, ಫಿಲ್ಟರಿನ ಸ್ಪಾಂಜಿನ ಮೇಲೆ ನೆಲೆಯೂರಿ ಸಂಸಾರ ಬೆಳೆಸಲು ನಾಲ್ಕರಿಂದ ಆರು ವಾರ ಬೇಕು. ನಾನು ಕೊಟ್ಟಿದ್ದು ಒಂದು ಗಂಟೆ.

ಹವ್ಯಾಸಿಗಳು ಇದಕ್ಕೆ ಸೈಕ್ಲಿಂಗ್ ಎನ್ನುತ್ತಾರೆ. ನನ್ನ ಮಟ್ಟಿಗೆ ಅದು ಹೆಪ್ಪು ಹಾಕುವ ಕೆಲಸ. ಹೊಸ ಟ್ಯಾಂಕಿನ ನೀರು ಕಾಸಿ ಆರಿಸಿದ ಹಾಲಿನ ಹಾಗೆ. ಹಳೆಯ, ನೆಲೆನಿಂತ ಟ್ಯಾಂಕಿನ ಸ್ಪಾಂಜನ್ನು ಅದರಲ್ಲಿ ಹಿಂಡಿದರೆ ಕಂದು ರಾಡಿ ಇಳಿಯುತ್ತದೆ. ನೋಡಿದವರಿಗೆ ಕೊಳಕು, ನೀರಿಗೆ ಅದು ಹೆಪ್ಪು. ಮೊಸರು ರಾತ್ರಿ ಬೆಳಗಾಗುವುದರೊಳಗೆ ಹೆಪ್ಪುಗಟ್ಟುತ್ತದೆ, ನೀರು ಕೆಲವು ವಾರ ತೆಗೆದುಕೊಳ್ಳುತ್ತದೆ. ಅಮ್ಮನಿಗೆ ಫೋನಿನಲ್ಲಿ ಇದನ್ನು ಹೇಳಿದಾಗ "ಹಾಗಾದ್ರೆ ತೊಟ್ಟಿನ ಪೂರ್ತಿ ತಿಕ್ಕಿ ತೊಳೀಬಾರ್ದು ಅನ್ನು" ಎಂದಳು. ಮೊಸರಿನ ಮಡಕೆಯೊಂದಿಗೆ ಅರವತ್ತು ವರ್ಷ ಬಾಳಿದವಳು, ಒಂದೇ ಮಾತಿಗೆ ಅರ್ಥಮಾಡಿಕೊಂಡಳು.

ಈ ಸಮತೋಲನ ಮೊದಲು ಕಂಡವರಲ್ಲಿ ಲಂಡನ್ನಿನ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞನೂ ಒಬ್ಬ. ಎರಡು ಗೋಲ್ಡ್‌ಫಿಶ್, ವ್ಯಾಲಿಸ್ನೇರಿಯಾ ಎಂಬ ಹುಲ್ಲಿನಂಥ ನೀರುಗಿಡ, ಇಷ್ಟನ್ನು ಒಂದು ಗಾಜಿನ ಪಾತ್ರೆಯಲ್ಲಿಟ್ಟು ನೀರು ಬದಲಿಸದೆ ನಡೆಸಿ ನೋಡಿದ. ಗಿಡದ ಹಳೆ ಎಲೆ ಕೊಳೆತು ನೀರು ಕಲಕತೊಡಗಿತು. ಆಗ ಬಸವನಹುಳು ಬಿಟ್ಟ. ಅವು ಕೊಳೆತ ಎಲೆ ತಿಂದವು, ಅವುಗಳ ಮೊಟ್ಟೆ ಮೀನಿಗೆ ಆಹಾರವಾಯಿತು, ಮೀನಿನ ಕಸ ಗಿಡಕ್ಕಾಯಿತು. 1850ರಲ್ಲಿ ಅಲ್ಲಿನ ಕೆಮಿಕಲ್ ಸೊಸೈಟಿಯ ಮುಂದೆ ಇದನ್ನು ವಿವರಿಸಿದ. ನಾಲ್ಕು ವರ್ಷದ ಮೇಲೆ ಫಿಲಿಪ್ ಹೆನ್ರಿ ಗಾಸ್ ಎಂಬಾತ ಅಕ್ವೇರಿಯಂ ಎಂಬ ಹೆಸರಿನ ಪುಸ್ತಕ ಬರೆದ, ಆ ಮಾತು ಮನೆಮಾತಾಯಿತು. ವಾರಿಂಗ್ಟನ್ ನೆಟ್ಟ ವ್ಯಾಲಿಸ್ನೇರಿಯಾ ನಮ್ಮ ಕೆರೆಗಳಲ್ಲೂ ಬೆಳೆಯುತ್ತದೆ.

ಗಿಡದ ಮಾತಿಗೆ ಬಂದೆನಲ್ಲ, ಇಲ್ಲಿ ಸ್ವಲ್ಪ ಕೂರೋಣ. ಎರಡನೆಯ ಸಲ ಟ್ಯಾಂಕು ಮಾಡುವಾಗ ಪ್ಲಾಸ್ಟಿಕ್ ಗಿಡ ತರಲಿಲ್ಲ. ಅಮೆರಿಕದ ಡಯಾನಾ ವಾಲ್‌ಸ್ಟಡ್ ಎಂಬಾಕೆ 1999ರಲ್ಲಿ ನೀರುಗಿಡಗಳ ತೊಟ್ಟಿಯ ಬಗ್ಗೆ ಒಂದು ಪುಸ್ತಕ ತಂದಿದ್ದಾರೆ. ತಳಕ್ಕೆ ಒಂದಂಗುಲ ಸಾಧಾರಣ ತೋಟದ ಮಣ್ಣು, ಅದರ ಮೇಲೆ ಮರಳು, ತುಂಬ ಗಿಡ, ಕಡಿಮೆ ಮೀನು, ಇದು ಆಕೆಯ ದಾರಿ. ಗಿಡಗಳು ಅಮೋನಿಯಾವನ್ನು ನೇರವಾಗಿಯೇ ಹೀರಿಕೊಳ್ಳುತ್ತವೆ, ನೈಟ್ರೇಟಿಗಿಂತ ಅವಕ್ಕೆ ಅದೇ ಹೆಚ್ಚು ಇಷ್ಟ ಎಂದು ತೋರಿಸಿಕೊಟ್ಟರು. ನನಗೆ ಈ ದಾರಿ ಒಪ್ಪಿಗೆಯಾಯಿತು. ಊರಿಗೆ ಹೋದಾಗ ಗದ್ದೆಯ ಮಣ್ಣು ಒಂದು ಚೀಲ ತಂದೆ. ತಾರಸಿಯ ಮೇಲೆ ಒಣಗಿಸಿ, ನೆನೆಸಿ, ಮತ್ತೆ ಒಣಗಿಸಿ, ಬೇರು ಕಡ್ಡಿಗಳನ್ನು ಆರಿಸಿ, ಅಮ್ಮನ ಹಳೆಯ ಜರಡಿಯಲ್ಲಿ ಸಾಣಿಸಿದೆ.

ಮಣ್ಣಿನ ಜೊತೆ ಗದ್ದೆಯ ಬದುವಿನ ಕಳೆಯೂ ಬಂತು. ನಾಟಿಯ ಹೊತ್ತಿಗೆ ಹೆಂಗಸರು ಕಿತ್ತು ಬದುವಿಗೆ ಒಗೆಯುವ ಕಳೆಗಳಲ್ಲಿ ಲಿಮ್ನೋಫಿಲಾ ಇದೆ, ಹೈಗ್ರೋಫಿಲಾ ಇದೆ, ರೋಟಾಲಾ ಇದೆ. ಪರದೇಶದ ಅಂಗಡಿಗಳಲ್ಲಿ ಇವನ್ನು ಒಂದೊಂದು ಸಣ್ಣ ಕುಂಡದಲ್ಲಿಟ್ಟು ಮಾರುತ್ತಾರೆ. ರೋಟಾಲಾ ಇಂಡಿಕಾ ಎಂಬ ಹೆಸರಿನಲ್ಲಿ ಬಹಳ ಕಾಲ ಮಾರಾಟವಾಗುತ್ತಿದ್ದುದು ಅಸಲಿಗೆ ಅದರ ದಾಯಾದಿ ರೋಟಾಲಾ ರೊಟುಂಡಿಫೋಲಿಯಾ. ನಿಜವಾದ ಇಂಡಿಕಾ ಭತ್ತದ ಗದ್ದೆಯ ಕಳೆಯಾಗಿ ಇಲ್ಲೇ ಉಳಿದಿತ್ತು. ಬ್ಯಾಕೋಪಾ ಎಂದು ಅಂಗಡಿಯವರು ಕೊಡುವ ದಪ್ಪೆಲೆಯ ಗಿಡಗಳಲ್ಲಿ ಒಂದು ನಮ್ಮ ನೀರುಬ್ರಾಹ್ಮಿ, ಔಷಧಿಯದ್ದೇ. ಮೇಲೆ ತೇಲುವ ಹಸಿರು ಗುಲಾಬಿಯಂಥದ್ದು ಅಂತರಗಂಗೆ. ಇನ್ನು ಕ್ರಿಪ್ಟೊಕೊರೈನ್, ಲ್ಯಾಜಿನ್ಯಾಂಡ್ರಾ ಎಂದು ಎರಡಿವೆ. ಕೆಸುವಿನ ಬಳಗದವು, ಪಶ್ಚಿಮ ಘಟ್ಟದ ಹೊಳೆದಂಡೆಗಳಲ್ಲಿ ಅವುಗಳ ಹಲವು ಜಾತಿಗಳು ಬೆಳೆಯುತ್ತವೆ. ಕೆಸುವಿನ ಹೂವನ್ನು ನೋಡಿದ್ದರೆ ಇವುಗಳ ಹೂವನ್ನೂ ಗುರುತಿಸಬಹುದು. ನಡುವಿನ ದಿಂಡನ್ನು ಕೊಳವೆಯಂಥ ಹಾಳೆ ಸುತ್ತಿ ಮುಚ್ಚಿಟ್ಟಿರುತ್ತದೆ. ಕ್ರಿಪ್ಟೊಕೊರೈನ್ ಎಂದರೆ ಅಡಗಿದ ಗದೆ ಎಂದೇ ಅರ್ಥ. ಇವಕ್ಕೆ ಜಾಗ ಬದಲಿಸಿದರೆ ಆಗದು. ನೆಟ್ಟ ವಾರದಲ್ಲಿ ಎಲೆಯೆಲ್ಲ ಕರಗಿ ಲೋಳೆಯಾಗುತ್ತದೆ. ಗಿಡ ಸತ್ತಿತು ಎಂದು ಕಿತ್ತೆಸೆಯುವವರೇ ಹೆಚ್ಚು. ಬೇರು ಬದುಕಿರುತ್ತದೆ. ಸುಮ್ಮನೆ ಬಿಟ್ಟರೆ ತಿಂಗಳೊಳಗೆ ಹೊಸ ನೀರಿಗೆ ಒಗ್ಗಿದ ಹೊಸ ಎಲೆ ಬರುತ್ತದೆ.

ನೀರುಗಿಡದ ತೊಟ್ಟಿಯನ್ನು ಒಂದು ಕಲೆಯಾಗಿ ಬೆಳೆಸಿದವರು ಜಪಾನಿನ ನೀಗಾತ ಪ್ರಾಂತ್ಯದ ತಕಾಶಿ ಅಮಾನೊ. ಕಾಡಿನ ಛಾಯಾಚಿತ್ರಕಾರ. ದೊಡ್ಡ ಕ್ಯಾಮೆರಾ ಹೊತ್ತು ಮಳೆಕಾಡುಗಳನ್ನು ಸುತ್ತಿ ಬಂದು, ಅಲ್ಲಿ ಕಂಡದ್ದನ್ನು ಕಲ್ಲು, ಬೇರು, ಪಾಚಿ, ಹುಲ್ಲಿನಲ್ಲಿ ಗಾಜಿನೊಳಗೆ ಕಟ್ಟುತ್ತಿದ್ದರು. ಪಾಚಿ ತಿನ್ನುವ ಒಂದು ಸಿಗಡಿಗೆ ಈಗ ಅವರದೇ ಹೆಸರು ಅಂಟಿಕೊಂಡಿದೆ. 2015ರಲ್ಲಿ ಲಿಸ್ಬನ್ನಿನ ಮತ್ಸ್ಯಾಲಯದಲ್ಲಿ 40 ಮೀಟರ್ ಉದ್ದದ ತೊಟ್ಟಿ ಕಟ್ಟಿದರು, ಅದೇ ವರ್ಷ ತೀರಿಕೊಂಡರು. ಅವರ ತೊಟ್ಟಿಗಳ ಚಿತ್ರ ನೋಡುತ್ತ ಗಂಟೆಗಟ್ಟಲೆ ಕೂತಿದ್ದೇನೆ. ಆದರೆ ನನ್ನ ಟ್ಯಾಂಕು ಅವರ ದಾರಿ ಹಿಡಿಯಲಿಲ್ಲ. ನನಗೆ ಗುಡ್ಡ ಕಣಿವೆ ಬೇಕಿರಲಿಲ್ಲ. ಅಡಿಕೆ ಮರದ ನೆರಳಿನ ಒಂದು ಮೊಳ ಕಾಲುವೆ ಸಾಕಾಗಿತ್ತು.

ಬೆಂಗಳೂರಿನಲ್ಲಿ ಇದಕ್ಕೆಲ್ಲ ದೊಡ್ಡ ತೊಡಕು ನೀರು. ನಮ್ಮ ಮನೆಗೆ ವಾರಕ್ಕೆ ಮೂರು ದಿನ ಕಾವೇರಿ, ಉಳಿದ ದಿನ ಬೋರ್‌ವೆಲ್. ಕಾವೇರಿ ಮೆದು, ಆದರೆ ಕ್ಲೋರಿನ್ ಹಾಕಿರುತ್ತಾರೆ. ಅದು ರೋಗಾಣುವನ್ನು ಕೊಲ್ಲುವ ಹಾಗೆಯೇ ನಾವು ಹೆಪ್ಪು ಹಾಕಿ ಬೆಳೆಸಿದ್ದನ್ನೂ ಕೊಲ್ಲುತ್ತದೆ, ಮೀನಿನ ಕಿವಿರನ್ನೂ ಸುಡುತ್ತದೆ. ಬಕೆಟ್ಟಿನಲ್ಲಿ ಹಿಡಿದು ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಅವಸರವಿದ್ದರೆ ಹೈಪೋ. ಹಿಂದೆ ಫೋಟೊ ಸ್ಟುಡಿಯೋದವರು ಬಳಸುತ್ತಿದ್ದ ಅದೇ ಕಲ್ಲುಸಕ್ಕರೆಯಂಥ ಹರಳು. ಬೋರ್‌ವೆಲ್ ನೀರು ಗಡಸು. ಕುದಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದಲ್ಲ, ಅದು. ಗಪ್ಪಿ, ಮೋಲಿಗಳಿಗೆ ಗಡಸು ನೀರೇ ಹಿತ. ನಿಯಾನ್ ಟೆಟ್ರಾದಂಥ ಅಮೆಜಾನಿನ ಮೀನಿಗೆ ಆಗದು, ಬಣ್ಣ ಮಾಸುತ್ತದೆ, ಮೊಟ್ಟೆಯ ಮಾತೇ ಇಲ್ಲ. ಯಾರಾದರೂ ಯಾವ ಮೀನು ತರಲಿ ಎಂದು ಕೇಳಿದರೆ, ನಿಮ್ಮ ನಲ್ಲಿಯಲ್ಲಿ ಯಾವ ನೀರು ಬರುತ್ತದೆ ಎಂದು ನಾನು ತಿರುಗಿ ಕೇಳುತ್ತೇನೆ. ನೀರಿಗೆ ತಕ್ಕ ಮೀನು ತಂದವರಿಗೆ ಅರ್ಧ ಕಷ್ಟ ಕಡಿಮೆ. ಬಸಿಗಾಲುವೆಯ ಮೀನು ಎರಡಕ್ಕೂ ಒಗ್ಗಿಕೊಂಡಿತು.

ಟ್ಯಾಂಕು ಎರಡು ತಿಂಗಳು ಬರೀ ಗಿಡದಲ್ಲೇ ಇತ್ತು. ದಿನಕ್ಕೆ ಎಂಟು ಗಂಟೆ ದೀಪ. ಸಂಜೆಯ ಹೊತ್ತಿಗೆ ಲಿಮ್ನೋಫಿಲಾದ ತುದಿಗಳಿಂದ ಸಣ್ಣ ಸಣ್ಣ ಗುಳ್ಳೆ ಹೊರಟು ಮಣಿಸರದ ಹಾಗೆ ಮೇಲೇರುತ್ತಿತ್ತು. ಗಿಡ ಉಸಿರು ಬಿಡುವುದನ್ನು ಕಣ್ಣಾರೆ ನೋಡಿದ್ದು ಆಗಲೇ. ದೀಪಾವಳಿಗೆ ಊರಿಗೆ ಹೋದವರು ವಾಪಸು ಬರುವಾಗ ಸ್ಟೀಲ್ ಡಬ್ಬಿಯಲ್ಲಿ ಎರಡು ಗಂಡು, ಮೂರು ಹೆಣ್ಣು ತಂದೆವು. ಹೆಚ್ಚು ಹಿಡಿಯಲಿಲ್ಲ. ಹೆಣ್ಣಿಗೆ ಅಡ್ಡಪಟ್ಟೆ ಎದ್ದು ಕಾಣುತ್ತದೆ, ಗಂಡಿಗೆ ಚುಕ್ಕಿಯೂ ರೆಕ್ಕೆಯ ಕೆಂಪಂಚೂ ಹೆಚ್ಚು. ಬಂದ ಮೂರನೆಯ ರಾತ್ರಿ ಮುಚ್ಚಳದ ಬದಿಯಲ್ಲಿ ಬಿಟ್ಟಿದ್ದ ಎರಡು ಬೆರಳಗಲದ ಸಂದಿಯಿಂದ ಒಂದು ಗಂಡು ಹೊರಕ್ಕೆ ಹಾರಿತು. ಬೆಳಿಗ್ಗೆ ಕಪಾಟಿನ ಹಿಂದೆ ಒಣಗಿದ ಎಲೆಯಂತೆ ಸಿಕ್ಕಿತು. ಮಗಳು ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು. ಅಂದೇ ಸಂದಿಗೆ ಸ್ಪಾಂಜು ತುರುಕಿದೆ.

ಈ ಬಳಗದ ಮೀನು ಮೊಟ್ಟೆಯಿಡುವುದು ನೀರಿನ ಮೇಲ್ಪದರದ ಗಿಡ, ಬೇರುಗಳ ನಡುವೆ. ಅದಕ್ಕೊಂದು ಹಳೆಯ ಉಪಾಯವಿದೆ. ಕಡುಹಸಿರು ಉಲ್ಲನ್ ನೂಲನ್ನು ಒಂದು ಗೇಣು ಉದ್ದಕ್ಕೆ ಮೂವತ್ತು ನಲವತ್ತು ಎಳೆ ಕತ್ತರಿಸಿ, ಬಣ್ಣ ಬಿಡುವವರೆಗೆ ಕುದಿಸಿ, ನಡುವೆ ಕಟ್ಟಿ, ಥರ್ಮಾಕೋಲ್ ತುಂಡಿಗೆ ಸಿಕ್ಕಿಸಿ ತೇಲಿಬಿಡುವುದು. ನೀರಿನಲ್ಲಿ ಅದು ಆಲದ ಬಿಳಲಿನ ಹಾಗೆ ಇಳಿಬೀಳುತ್ತದೆ. ನಮ್ಮದು ಮಗಳ ಚಿಕ್ಕಂದಿನ ಸ್ವೆಟರ್ ಬಿಚ್ಚಿದ ನೂಲು.

ಬೆಳಗಿನ ಹೊತ್ತು ಕಾಫಿ ಹಿಡಿದು ಕೂತರೆ ಎಲ್ಲ ಕಾಣುತ್ತದೆ. ಗಂಡು ರೆಕ್ಕೆಗಳನ್ನೆಲ್ಲ ಬಿಚ್ಚಿ ಹೆಣ್ಣಿನ ಸುತ್ತ ತಿರುಗುತ್ತದೆ, ಮೇಲಿನಿಂದ ಬಂದು ಅದರ ನೆತ್ತಿಯನ್ನು ಗಲ್ಲದಿಂದ ಒತ್ತುತ್ತದೆ. ಮನಸ್ಸಿಲ್ಲದಿದ್ದರೆ ಹೆಣ್ಣು ಸರ್ರನೆ ಹೊರಟುಬಿಡುತ್ತದೆ. ಮನಸ್ಸಿದ್ದರೆ ನೂಲಿನೊಳಕ್ಕೆ ತಾನೇ ಹೋಗುತ್ತದೆ. ಎರಡೂ ಮೈಗೆ ಮೈ ತಾಗಿಸಿ, ಬಿಲ್ಲಿನಂತೆ ಬಾಗಿ, ಒಂದು ಕ್ಷಣ ನಡುಗುತ್ತವೆ. ಆ ನಡುಕಕ್ಕೆ ಒಂದು ಮೊಟ್ಟೆ. ಒಂದೇ ಒಂದು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ದಿನಕ್ಕೆ ಐದು, ಕೆಲವು ದಿನ ಹತ್ತು. ಹೀಗೆ ವಾರಗಟ್ಟಲೆ.

ಸಂಜೆ ನೂಲಿನ ಗೊಂಡೆಯನ್ನು ಎತ್ತಿ, ಹಿಂಡಿ, ಎಳೆ ಎಳೆ ಬಿಡಿಸಿ ನೋಡಬೇಕು. ಸಾಸಿವೆಗಿಂತ ತುಸು ದೊಡ್ಡ, ಗಾಜಿನಂತೆ ಪಾರದರ್ಶಕ, ತುಸುವೇ ಜೇನುಬಣ್ಣದ ಗೋಲಿ. ಅಂಟಿನ ದಾರವೊಂದು ಅದನ್ನು ನೂಲಿಗೆ ಕಟ್ಟಿರುತ್ತದೆ. ಮೊದಲ ಸಲ ಒಡೆದೀತೆಂಬ ಭಯಕ್ಕೆ ಮುಟ್ಟಲೇ ಇಲ್ಲ. ಹಾಗೇನಿಲ್ಲ, ಸಿಪ್ಪೆ ಗಟ್ಟಿ. ಎರಡು ಬೆರಳಿನಿಂದ ಬಿಡಿಸಿ ತೆಗೆಯಬಹುದು. ಬೆರಳ ತುದಿಯಲ್ಲಿ ಅದು ಪುಟ್ಟ ಸಬ್ಬಕ್ಕಿಯಂತೆ ಜಾರುತ್ತದೆ. ಬೆಳ್ಳಗೆ ಸುಣ್ಣದ ಹಾಗಾದದ್ದು ಫಲಿಸಿಲ್ಲ, ಬೂಷ್ಟು ಹಿಡಿದು ಪಕ್ಕದ್ದಕ್ಕೂ ಹರಡುತ್ತದೆ, ಅದನ್ನು ಆಗಲೇ ತೆಗೆದುಹಾಕಬೇಕು. ಉಳಿದದ್ದು ಐಸ್‌ಕ್ರೀಮ್ ಡಬ್ಬಿಗೆ, ಅದೇ ಟ್ಯಾಂಕಿನ ನೀರು, ಒಂದು ಚೂರು ಒಣಗಿದ ಕಾಡುಬಾದಾಮಿ ಎಲೆ. ಎಲೆಯ ಕಂದು ಒಗರು ಬೂಷ್ಟನ್ನು ತಡೆಯುತ್ತದೆ. ಡಬ್ಬಿಯ ಮೇಲೆ ತಾರೀಖು ಬರೆದ ಕಾಗದ.

ಮೊದಲ ಎರಡು ದಿನ ಏನೂ ಕಾಣದು. ನಾಲ್ಕೈದು ದಿನಕ್ಕೆ ಭೂತಗನ್ನಡಿಯಲ್ಲಿ ಒಂದು ಮಸುಕು ಗೆರೆ, ಅದರೊಂದು ತುದಿಯಲ್ಲಿ ಎರಡು ಬೂದು ಚುಕ್ಕೆ. ಅದು ಕಣ್ಣು. ಆಮೇಲಾಮೇಲೆ ಗೆರೆ ಸುರುಳಿಯಾಗಿ ಗೋಲಿಯ ಒಳಗೋಡೆಗೆ ಸುತ್ತಿಕೊಳ್ಳುತ್ತದೆ. ಎದೆಯ ಜಾಗದಲ್ಲಿ ಕೆಂಪು ಹನಿಯೊಂದು ಮಿಡಿಯುತ್ತಿರುತ್ತದೆ. ಮಗಳು ತನ್ನ ಮಣಿಕಟ್ಟಿನ ನಾಡಿ ಹಿಡಿದುಕೊಂಡು ಅದರ ಲೆಕ್ಕ ಹಾಕಲು ನೋಡಿದಳು, ಅದರ ವೇಗಕ್ಕೆ ಎಣಿಸಲಾಗಲಿಲ್ಲ. ಹತ್ತನೆಯ ದಿನದ ಹೊತ್ತಿಗೆ ಕಣ್ಣಿಗೆ ಚಿನ್ನದ ಉಂಗುರ ಬಂದಿರುತ್ತದೆ, ನೀವು ಡಬ್ಬಿಯನ್ನು ಬೆಳಕಿಗೆ ಹಿಡಿದರೆ ಒಳಗಿನದು ಹೊರಳುತ್ತದೆ. ಹನ್ನೆರಡರಿಂದ ಹದಿನಾಲ್ಕನೆಯ ದಿನ, ಹೆಚ್ಚಾಗಿ ಬೆಳಗಿನ ಜಾವ, ಸಿಪ್ಪೆ ಬಿಡುತ್ತದೆ. ಮರಿ ಹೊರಬಂದ ಗಳಿಗೆಯಿಂದಲೇ ಅಪ್ಪ ಅಮ್ಮನ ಹಾಗೆ ನೀರಿನ ಮೇಲ್ಪದರಕ್ಕೆ ಹೋಗಿ ನಿಂತುಬಿಡುತ್ತದೆ. ಅದನ್ನು ಯಾರೂ ಕಲಿಸಿರುವುದಿಲ್ಲ.

ಜೀಬ್ರಾ ಮೀನು ಇದಕ್ಕೆ ಪೂರಾ ಬೇರೆ. ಅವು ಮುಂಜಾನೆ ಮೊದಲ ಬೆಳಕಿಗೆ ನೂರಾರು ಮೊಟ್ಟೆ ಚೆಲ್ಲಿ, ತಿರುಗಿ ತಾವೇ ತಿನ್ನಲು ಹೊರಡುತ್ತವೆ. ತಳಕ್ಕೆ ಮಕ್ಕಳ ಗೋಲಿಗಳನ್ನು ಹಾಸಿಟ್ಟರೆ ಮೊಟ್ಟೆ ಸಂದಿಗೆ ಜಾರಿ ಉಳಿಯುತ್ತದೆ. ಎರಡು ಮೂರು ದಿನಕ್ಕೆ ಮರಿ. ಭ್ರೂಣ ಗಾಜಿನಂತಿರುವುದರಿಂದಲೂ ಬೆಳವಣಿಗೆ ಇಷ್ಟು ಚುರುಕಾಗಿರುವುದರಿಂದಲೂ ಒರೆಗಾನಿನ ಜಾರ್ಜ್ ಸ್ಟ್ರೈಸಿಂಗರ್ ಅದನ್ನು ಪ್ರಯೋಗಾಲಯಕ್ಕೆ ತಂದರು. 1981ರ ಅವರ ಪ್ರಬಂಧದಿಂದೀಚೆಗೆ ಅದು ಜೀವವಿಜ್ಞಾನದ ಮನೆಮೀನಾಯಿತು. ಬೆಂಗಳೂರಿನ ಎನ್‌ಸಿಬಿಎಸ್ ಸಂಶೋಧನಾ ಸಂಸ್ಥೆಯಲ್ಲೂ ಅದರ ತೊಟ್ಟಿಗಳಿವೆ.

ಜೀಬ್ರಾ ಮೀನಿಗೆ ಶಾಸ್ತ್ರದ ಹೆಸರು ಕೊಟ್ಟಾತ ಯಾರು ಗೊತ್ತೆ? ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ಬರುವ ಫ್ರಾನ್ಸಿಸ್ ಬುಕಾನನ್. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿ ಬೆಳೆ, ಮಣ್ಣು, ಜಾತಿ, ಕಸುಬು ಎಲ್ಲ ಬರೆದುಕೊಂಡವನು. ಮುಂದೆ ಹ್ಯಾಮಿಲ್ಟನ್ ಎಂದು ಹೆಸರು ಬದಲಿಸಿಕೊಂಡ. 1822ರಲ್ಲಿ ಗಂಗಾ ಬಯಲಿನ ಮೀನುಗಳ ದೊಡ್ಡ ಗ್ರಂಥ ಪ್ರಕಟಿಸಿದ. ನಮ್ಮ ಬಸಿಗಾಲುವೆ ಮೀನಿನ ಬಂಗಾಳದ ದಾಯಾದಿ ಪಂಚಾಕ್ಸ್‌ಗೂ ಹೆಸರಿಟ್ಟವನು ಅವನೇ. ಆ ಗ್ರಂಥಕ್ಕೆ ಮೀನುಗಳ ಚಿತ್ರ ಬರೆದವನು ಹಲುದಾರ್ ಎಂಬ ಬಂಗಾಳಿ ತರುಣ. ರೆಕ್ಕೆಯ ಒಂದೊಂದು ಗೆರೆಯನ್ನೂ ಎಣಿಸಿ ಬರೆದ ಆ ಕೈಯ ಒಡೆಯನನ್ನು ಇನ್ನೂರು ವರ್ಷ ಹೆಚ್ಚು ಜನ ನೆನೆಯಲಿಲ್ಲ. 2013ರಲ್ಲಿ ಶ್ರೀಲಂಕಾದ ರೋಹನ್ ಪೆಥಿಯಗೋಡ ಅವರು ದಕ್ಷಿಣ ಭಾರತದ ಒಂದು ಮೀನು ಕುಲಕ್ಕೆ ಹಲುದಾರಿಯಾ ಎಂದು ಅವನ ಹೆಸರಿಟ್ಟರು. ಹಲುದಾರಿಯಾ ಫ್ಯಾಸಿಯಾಟಾ ನಮ್ಮ ಘಟ್ಟದ ಹಳ್ಳಗಳಲ್ಲಿದೆ. ಕೆಂಪು ಮಿಶ್ರಿತ ಮೈ, ಮೂರು ನಾಲ್ಕು ಕಪ್ಪು ಪಟ್ಟೆ, ಬೆರಳುದ್ದದ ಗೆಂಡೆ. ಹಳ್ಳದಲ್ಲಿ ಅದು ಮಿಂಚಿದಾಗಲೆಲ್ಲ ನನಗೆ ಆ ಹುಡುಗನ ನೆನಪಾಗುತ್ತದೆ. ಹೆಸರಿಡುವುದಾದರೆ ಹೀಗಿಡಬೇಕು.

ಮರಿಗಳಿಗೆ ಊಟ ಕೊಡುವುದೇ ಬೇರೆ ಕೆಲಸ. ಆರ್ಟೀಮಿಯಾ ಎಂಬ ಉಪ್ಪುನೀರ ಸಿಗಡಿಯ ಒಣ ಮೊಟ್ಟೆ ಕಂದು ಪುಡಿಯ ರೂಪದಲ್ಲಿ ಸಿಗುತ್ತದೆ. ಲೋಕಕ್ಕೆ ಅದರ ದೊಡ್ಡ ಪಾಲು ಬರುವುದು ಅಮೆರಿಕದ ಯೂಟಾದ ಗ್ರೇಟ್ ಸಾಲ್ಟ್ ಲೇಕ್‌ನಿಂದ. ಲೀಟರಿಗೆ 25 ಗ್ರಾಂ ಉಪ್ಪು ಕರಗಿಸಿ, ಒಂದು ಚಿಟಿಕೆ ಹಾಕಿ, ಏರ್ ಪಂಪಿನ ಗಾಳಿ ಬಿಟ್ಟರೆ ಒಂದು ದಿನ, ಒಂದೂವರೆ ದಿನದೊಳಗೆ ನೀರು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಟಾರ್ಚು ಹಿಡಿದರೆ ಕಿತ್ತಳೆ ಮೋಡವೆಲ್ಲ ಬೆಳಕಿನ ಕಡೆಗೆ ನೆರೆಯುತ್ತದೆ. ಅಲ್ಲಿಂದ ಸಣ್ಣ ಕೊಳವೆಯಲ್ಲಿ ಎಳೆದು, ತೊಳೆದು, ಮರಿಗಳಿಗೆ. ತಿಂದ ಮರಿಯ ಹೊಟ್ಟೆ ಕಿತ್ತಳೆ ಬಣ್ಣಕ್ಕೆ ಉಬ್ಬಿ ಹೊರಗೇ ಕಾಣುತ್ತದೆ. ದೊಡ್ಡ ಮೀನಿಗೆ ಸೊಳ್ಳೆಮರಿ ಪ್ರಾಣ. ಆದರೆ ಡೆಂಗಿಯ ಊರಿನಲ್ಲಿ ತಾರಸಿಯ ಮೇಲೆ ಬಕೆಟ್ಟಿಟ್ಟು ಸೊಳ್ಳೆ ಬೆಳೆಸುವುದನ್ನು ನಾನು ಒಪ್ಪುವುದಿಲ್ಲ. ಒಂದು ದಿನ ಸೋಸಲು ಮರೆತರೆ ಕೇರಿಗೆಲ್ಲ ಕೇಡು.

ಸೊಳ್ಳೆಯ ಮಾತು ಬಂದರೆ ಗಪ್ಪಿ ಬರಲೇಬೇಕು. ವೆನೆಜುವೆಲಾ, ಟ್ರಿನಿಡಾಡ್ ಕಡೆಯ ಮೀನು. ಟ್ರಿನಿಡಾಡಿನಿಂದ ಲಂಡನ್ನಿಗೆ ಕಳಿಸಿಕೊಟ್ಟ ರಾಬರ್ಟ್ ಗಪ್ಪಿ ಎಂಬಾತನ ಹೆಸರು ಅದಕ್ಕೆ ನಿಂತಿತು. ಮರಿ ಹಾಕುವ ಮೀನು, ನಾಲ್ಕು ವಾರಕ್ಕೊಂದು ಸೂಲು. ಮಲೇರಿಯಾ ತಡೆಯಲೆಂದು ಕರ್ನಾಟಕದ ಹಳ್ಳಿಗಳ ಬಾವಿಗಳಿಗೂ ಗಪ್ಪಿ ಬಿಟ್ಟರು. ಅದಕ್ಕಿಂತ ಒರಟಾದ ಗ್ಯಾಂಬೂಸಿಯಾ 1928ರಲ್ಲೇ ಈ ದೇಶಕ್ಕೆ ಬಂದಿತ್ತು. ಜ್ವರದಿಂದ ಜೀವ ಉಳಿಸಲು ಮಾಡಿದ ಕೆಲಸ, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಬಾವಿಯಿಂದ ಹಳ್ಳಕ್ಕೆ ಹೋದ ಗ್ಯಾಂಬೂಸಿಯಾ ನಮ್ಮ ಸಣ್ಣ ಮೀನುಗಳ ಮೊಟ್ಟೆ ಮರಿಗಳನ್ನೂ ಬಿಡುವುದಿಲ್ಲ. ಸೊಳ್ಳೆಮರಿ ತಿನ್ನುವುದರಲ್ಲಿ ಬಸಿಗಾಲುವೆಯ ಮೀನೂ ಹಿಂದೆ ಬೀಳುವುದಿಲ್ಲ. ಒಂದು ಚಮಚ ಹಾಕಿದರೆ ಮೂರು ನಿಮಿಷದಲ್ಲಿ ಖಾಲಿ. ಅದು ಇಲ್ಲೇ ಇತ್ತು.

ಅದಕ್ಕೇ ಒಂದು ಮಾತನ್ನು ಕಂಡವರಿಗೆಲ್ಲ ಹೇಳುತ್ತೇನೆ: ಸಾಕಿದ ಮೀನನ್ನು ಕೆರೆಗೆ ಬಿಡಬೇಡಿ. ಟ್ಯಾಂಕು ಸ್ವಚ್ಛ ಮಾಡುತ್ತದೆ ಎಂದು ಎರಡಂಗುಲದ ಸಕ್ಕರ್ ಮೀನು ತರುತ್ತಾರೆ. ಅದು ಒಂದಡಿ ಮೀರಿ ಬೆಳೆಯುತ್ತದೆ. ಕೊಲ್ಲಲು ಮನಸ್ಸು ಬಾರದೆ ಪುಣ್ಯ ಬರಲೆಂದು ಕೆರೆಗೆ ಬಿಡುತ್ತಾರೆ. ಅದರ ಮೈ ಮುಳ್ಳಿನ ಕವಚ, ಬಲೆ ಹರಿಯುತ್ತದೆ, ದಂಡೆ ಕೊರೆಯುತ್ತದೆ. ಆಂಧ್ರದ ಮೀನುಗಾರರು ಅದನ್ನು ದೆವ್ವದ ಮೀನು ಎನ್ನುತ್ತಾರೆ. ಬೇಡವಾದ ಮೀನನ್ನು ಅಂಗಡಿಗೆ ಹಿಂದಿರುಗಿಸಿ, ಸಾಕುವವರಿಗೆ ಕೊಡಿ. ಕೆರೆ ನಮ್ಮ ಟ್ಯಾಂಕಿನ ಮೋರಿಯಲ್ಲ.

ಈ ಮಾತು ನನಗೇ ತಿರುಗಿ ಬಂತು. ಮರಿಗಳು ನಲವತ್ತು ದಾಟಿದವು. ದೊಡ್ಡದು ಚಿಕ್ಕದನ್ನು ನುಂಗುತ್ತದೆಂದು ಗಾತ್ರ ನೋಡಿ ಬೇರೆ ಬೇರೆ ಇಡುತ್ತ, ಮನೆಯ ಪಾತ್ರೆಗಳೆಲ್ಲ ತುಂಬಿದವು. "ನಮ್ಮ ಕಾಲುವೆಯದ್ದೇ ಅಲ್ವೇನೋ, ತಂದು ಬಿಟ್ಬಿಡು" ಎಂದಳು ಅಮ್ಮ. ಬಿಡಲಿಲ್ಲ. ಅಂಗಡಿಯ ಗಿಡ, ಅಂಗಡಿಯ ಬಸವನಹುಳು ಇದ್ದ ನೀರಿನಲ್ಲಿ ಬೆಳೆದವು. ಯಾವ ರೋಗ, ಯಾವ ಹುಳು ಅಂಟಿಸಿಕೊಂಡಿವೆಯೋ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ಈ ಸಲ ಕಾಲುವೆಯಲ್ಲಿ ಅವು ಕಡಿಮೆ ಕಾಣುತ್ತಿವೆ, ಕಳೆನಾಶಕ ಹೊಡೆದ ಮೇಲಿನ ತೋಟದ ನೀರು ನಮ್ಮಲ್ಲಿಗೂ ಇಳಿಯುತ್ತದೆ ಎಂದಳು. ಈಗ ಅವಳೇ ದಿನಾ ಎಣಿಸುತ್ತಾಳೆ. ಹಾಳೆಯ ಕೆಳಗೆ ನಿನ್ನೆ ಏಳಿದ್ದವು, ಇವತ್ತು ಒಂಬತ್ತು ಎಂದು ಫೋನಿನಲ್ಲಿ ವರದಿ ಬರುತ್ತದೆ. ಎಪ್ಪತ್ತೆಂಟು ವರ್ಷ ಆ ಕಾಲುವೆ ದಾಟಿದವಳು ಈಗ ಅದರ ಪಕ್ಕ ಒಂದು ಕಲ್ಲು ಹಾಕಿಸಿಕೊಂಡು ಕೂರುತ್ತಾಳೆ.

ಕಳೆದ ಭಾನುವಾರ ಕೆಳಗಿನ ಮನೆಯ ಹುಡುಗ ಬಂದಿದ್ದ. ಆರನೆಯ ತರಗತಿ. ತಿಂಗಳಿನಿಂದ ದಿನಾ ಸಂಜೆ ಬಂದು ನೂಲಿನ ಗೊಂಡೆ ಬಿಡಿಸುವ ಕೆಲಸ ಅವನದ್ದೇ. ತನ್ನ ಮನೆಯಲ್ಲೂ ಒಂದು ಟ್ಯಾಂಕು ಇಟ್ಟಿದ್ದಾನಂತೆ, ಮಣ್ಣು ಹಾಕಿ ಗಿಡ ನೆಟ್ಟಾಗಿದೆ, ಮೀನು ಬೇಕು ಎಂದ. ಮೀನು ಈಗಲೇ ಬೇಡ, ಆರು ವಾರ ಕಳೆಯಲಿ ಎಂದೆ. ಮುಖ ಸಣ್ಣಗಾಯಿತು. ಒಳಗೆ ಹೋಗಿ ಫಿಲ್ಟರಿನ ಹಳೆಯ ಸ್ಪಾಂಜಿನಿಂದ ಒಂದು ತುಂಡು ಕತ್ತರಿಸಿ, ಟ್ಯಾಂಕಿನ ನೀರಿನಲ್ಲೇ ನೆನೆಸಿ, ಒಂದು ಲೋಟದಲ್ಲಿಟ್ಟು ಕೊಟ್ಟೆ. ಎರಡೂ ಕೈಯಲ್ಲಿ ಹಿಡಿದುಕೊಂಡು, ಒಂದು ಹನಿ ಚೆಲ್ಲದ ಹಾಗೆ, ಒಂದೊಂದೇ ಮೆಟ್ಟಿಲು ಇಳಿದು ಹೋದ.